ಸುರುಳಿಯಜ್ಜನ ಅಚ್ಚುಗಲ್ಲು

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಹೊಂಡವಿತ್ತು. ಯಾರೋ ಎಂದೋ ಸುಣ್ಣದ ಕಲ್ಲು ಅಗೆದು ಬಿಟ್ಟುಹೋದ ಜಾಗ ಅದು. ಅಲ್ಲಿ ಮಳೆನೀರು ನಿಂತು, ಪಾಚಿ ಬೆಳೆದು, ಬರಬರುತ್ತ ಬಸವನಹುಳುಗಳ ಊರೇ ಆಗಿಬಿಟ್ಟಿತ್ತು. ಹೊಂಡದ ಗೋಡೆಯಲ್ಲಿ ಕಲ್ಲು ಪದರ ಪದರವಾಗಿ ಕಾಣುತ್ತಿತ್ತು, ಪೇರಿಸಿಟ್ಟ ಜೋಳದ ರೊಟ್ಟಿಗಳ ಹಾಗೆ. ಆದರೆ ಅದನ್ನೆಲ್ಲ ನೋಡಲು ಬಸವನಹುಳುಗಳಿಗೆ ಪುರುಸೊತ್ತೆಲ್ಲಿ? ಒಂದು ಮಾರು ದಾರಿ ಸಾಗುವಷ್ಟರಲ್ಲಿ ಅವುಗಳ ಅರ್ಧ ದಿನ ಕಳೆದಿರುತ್ತಿತ್ತು.

ಆ ಊರಿಗೆ ಹಿರಿಯ ಸುರುಳಿಯಜ್ಜ. ನೀರಂಚಿನ ಒಂದು ಚಪ್ಪಟೆ ಕಲ್ಲನ್ನು ಕಾಯುವುದು ಅವನ ಮನೆತನದ ಕೆಲಸ. ಆ ಕಲ್ಲಿನ ನಡುವೆ ಬಸವನಹುಳುವಿನ ಚಿಪ್ಪಿನದೇ ಆಕಾರದ ಒಂದು ಕುಳಿಯಿತ್ತು. ಎಲ್ಲರೂ ಅದನ್ನು ಅಚ್ಚುಗಲ್ಲು ಎನ್ನುತ್ತಿದ್ದರು.

"ನಮ್ಮನ್ನು ಮಾಡಿದಾತ ಮೊದಲ ದಿನ ಈ ಅಚ್ಚಿನಲ್ಲೇ ಒತ್ತಿ ತೆಗೆದ. ಅಂದು ಹೇಗಿದ್ದೆವೋ ಇಂದೂ ಹಾಗೇ ಇದ್ದೇವೆ" ಎಂಬುದು ಊರಿನ ನಂಬಿಕೆ.

ವರ್ಷದ ಮೊದಲ ಮಳೆ ಬಿದ್ದ ಮಾರನೆಯ ದಿನ ಬಲಿತ ಮರಿಗಳನ್ನೆಲ್ಲ ಆ ಕುಳಿಯಲ್ಲಿ ಕೂರಿಸಿ ನೋಡುವರು. ಸರಿಯಾಗಿ ಕೂತ ಮರಿ ಊರಿನದು. ಕೂರದ ಮರಿಯನ್ನು ಕೋಡಿಯಾಚೆ ತಳ್ಳುವರು. ಕೋಡಿ ಎಂದರೆ ಹೊಂಡ ತುಂಬಿದಾಗ ನೀರು ಹೊರಗೆ ಹರಿಯುವ ಜಾಗ. ಅದರಾಚೆ ಬರೀ ಕೆಸರು, ಮುಳ್ಳು. ಹೋದ ಮರಿಯ ಸುದ್ದಿಯನ್ನು ಮತ್ತೆ ಯಾರೂ ಎತ್ತುತ್ತಿರಲಿಲ್ಲ.

ಈಗ ಒಂದು ಗುಟ್ಟು ಹೇಳುತ್ತೇನೆ. ಬಸವನಹುಳುವಿನ ನಾಲಿಗೆ ಅರದ ಹಾಗೆ ಒರಟು. ಮೆದು ಕಲ್ಲನ್ನು ಅದು ನೆಕ್ಕಿ ನೆಕ್ಕಿಯೇ ಸವೆಸಬಲ್ಲದು. ತಲೆಮಾರು ಕಳೆದ ಹಾಗೆ ಮರಿಗಳ ಚಿಪ್ಪು ಒಂದಿಷ್ಟು ಅಗಲವಾಗುತ್ತಿತ್ತು, ಅಚ್ಚಿಗೆ ಕೂರುತ್ತಿರಲಿಲ್ಲ. ಆಗ ಸುರುಳಿಯಜ್ಜನ ಅಪ್ಪ, ಊರೆಲ್ಲ ಪಾಚಿಯಡಿ ಮಲಗಿದ ಮಧ್ಯಾಹ್ನದಲ್ಲಿ, ಕುಳಿಯ ಅಂಚನ್ನು ಸದ್ದಿಲ್ಲದೆ ಕೆರೆದು ಅಗಲ ಮಾಡಿದ್ದ. ಸುರುಳಿಯಜ್ಜನೂ ಎರಡು ಸಲ ಕೆರೆದಿದ್ದ. ಚಿಪ್ಪು ಬದಲಾಗುತ್ತದೆ ಎಂದು ಆ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು, ಬದಲಾಗುವುದಿಲ್ಲ ಎಂದು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ ಅವನಿಗೇ.

ಒಂದು ದಿನ ಪಕ್ಕದ ಬಿಲದ ಏಡಿ ಬಾಳವ್ವ ಅಡ್ಡಡ್ಡ ಓಡುತ್ತಾ ಬಂದಳು.

"ಅಜ್ಜಾ, ಮನೆ ಅಗಲ ಮಾಡೋಣ ಅಂತ ಬಿಲ ತೋಡ್ತಾ ಇದ್ದೆ. ನಮ್ಮ ಗೋಡೆಯಲ್ಲೂ ಅಚ್ಚುಗಳಿವೆ. ಮೇಲಿನ ಪದರದ್ದು ನಿಮ್ಮ ಅಚ್ಚಿನ ಹಾಗೇ ಇದೆ. ಅದರ ಕೆಳಗಿನದಕ್ಕೆ ಒಂದೇ ಸುತ್ತು. ತೀರಾ ಅಡಿಯದಕ್ಕೆ ಸುತ್ತೇ ಇಲ್ಲ, ನೆಟ್ಟಗೆ ಕೊಂಬಿನ ಹಾಗಿದೆ."

"ಅದಕ್ಕೇನೀಗ?" ಎಂದ ಸುರುಳಿಯಜ್ಜ.

"ಅವೆಲ್ಲ ನಿಮ್ಮ ಹಿರಿಯರದ್ದೇ ಗುರುತು ಅಂತ ಕಾಣುತ್ತೆ. ನಿಧಾನಕ್ಕೆ ಸುತ್ತಿಕೊಳ್ತಾ ಬಂದಿದ್ದೀರಿ."

"ಕಲ್ಲಿನ ಬಿರುಕಿಗೆಲ್ಲ ಕತೆ ಕಟ್ಟಬೇಡ ಬಾಳವ್ವ. ಮಾಡಿದಾತ ಇಲ್ಲ ಅಂತೀಯಾ ಹಾಗಾದರೆ?"

"ಅಯ್ಯೋ, ನಾನೆಲ್ಲಿ ಹಾಗಂದೆ? ಅವನ ಕೆಲಸ ಮುಗಿದಿಲ್ಲ, ಇನ್ನೂ ಕೈ ತೊಳೆದುಕೊಂಡಿಲ್ಲ ಅಂತೀನಿ ಅಷ್ಟೇ. ಇನ್ನೊಂದು ಮಾತು. ಕೆಳಗಿನ ನೀರಿನ ಕುಂಟೆಗೆ ಎರಡು ಕೊಕ್ಕರೆ ಬಂದಿವೆ. ಕೊಕ್ಕಿನ ನಡುವೆ ಸಂದು, ಥೇಟು ಅಡಕತ್ತರಿ. ತೆಳು ಚಿಪ್ಪು ಸಿಕ್ಕರೆ ಕಟಕ್ ಅನಿಸುತ್ತವೆ. ಉಬ್ಬುಬ್ಬಾದ ದಪ್ಪ ಚಿಪ್ಪಾದರೆ ಕೊಕ್ಕು ಜಾರುತ್ತೆ. ನೀವು ಕೋಡಿಯಾಚೆ ಬಿಸಾಡ್ತೀರಲ್ಲ, ಅಂಥ ಚಿಪ್ಪು."

ಸುರುಳಿಯಜ್ಜ ಕೊಂಬು ಒಳಗೆಳೆದುಕೊಂಡ. ಅವನಿಗೆ ಕೊಕ್ಕರೆಯ ಚಿಂತೆ ಹತ್ತಲಿಲ್ಲ. ಅಚ್ಚು ಒಂದೇ ಅಲ್ಲ ಎಂದಾದರೆ ಇಷ್ಟು ವರ್ಷ ಆಚೆ ತಳ್ಳಿದ ಮರಿಗಳಿಗೆ ಯಾರು ಉತ್ತರ ಹೇಳಬೇಕು? ಆ ಪ್ರಶ್ನೆ ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು, ಉಗುಳಲೂ ಆಗದು, ನುಂಗಲೂ ಆಗದು.

ಸಂಜೆಗೆ ಅವನೇ ಊರು ಕೂಡಿಸಿ, "ಮಾಡಿದಾತನನ್ನೇ ಹಳಿದಿದ್ದಾಳೆ ಆ ಏಡಿ" ಎಂದು ದೂರಿದ. ಅವಳ ಬಿಲದ ಬಾಯಿಗೆ ಕೆಸರು ಮೆತ್ತಬೇಕೆಂದು ತೀರ್ಮಾನವಾಯಿತು. ಬಸವನಹುಳುಗಳ ಕೆಲಸ ತಾನೆ, ಮೆತ್ತಿ ಮುಗಿಸಲು ನಾಲ್ಕು ದಿನ ಹಿಡಿಯಿತು. ಬಾಳವ್ವ ನಾಲ್ಕೂ ದಿನ ಕೂತು ನೋಡಿದಳು. ಆಮೇಲೆ ಹಿಂದಿನ ಬಾಗಿಲಿನಿಂದ ಕೋಡಿಯಾಚೆ ಹೊರಟುಹೋದಳು.

ಮೊದಲ ಮಳೆ ಬಿತ್ತು. ಮಾರನೆಯ ದಿನ ಅಚ್ಚುಗಲ್ಲಿನ ಸುತ್ತ ಊರೆಲ್ಲ ನೆರೆಯಿತು. ಬಾಳವ್ವನ ಮಾತು ಕೇಳಿದ ಮೇಲೆ ಸುರುಳಿಯಜ್ಜ ಕುಳಿಯ ಅಂಚು ಮುಟ್ಟಲು ಹೆದರಿದ್ದ. ಆ ವರ್ಷ ಹತ್ತು ಮರಿಗಳು ಕೂರಲಿಲ್ಲ. ಹನ್ನೊಂದನೆಯದು ಸುರುಳಿಯಜ್ಜನ ಮಗಳು ನೀಲವ್ವನ ಮರಿ. ಚಿಪ್ಪಿನ ತುಂಬ ಉಬ್ಬುಗಳಿದ್ದುದರಿಂದ ಅದನ್ನು ಎಲ್ಲರೂ ಉಬ್ಬಿ ಎಂದೇ ಕರೆಯುತ್ತಿದ್ದರು. ಅಜ್ಜನ ಬೆನ್ನೇರಿ ಊರು ಸುತ್ತುತ್ತಿದ್ದ ಮರಿ ಅದು.

ಉಬ್ಬಿ ಕುಳಿಗೆ ಇಳಿದಳು. ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಳು.

ನೀಲವ್ವ ಅಪ್ಪನ ಹತ್ತಿರ ಸರಿದು ಮೆಲ್ಲಗೆ ಹೇಳಿದಳು: "ಅಪ್ಪಾ, ನಾಳೆ ನೋಡೋಣ ಅಂದುಬಿಡು. ಮಧ್ಯಾಹ್ನ ಎಲ್ಲರೂ ಮಲಗಿದಾಗ ನೀನು ಅಂಚು ಕೆರೆಯೋದನ್ನ ಚಿಕ್ಕವಳಿದ್ದಾಗ ನೋಡಿದ್ದೀನಿ. ಯಾರಿಗೂ ಹೇಳಿಲ್ಲ. ಇವತ್ತೂ ಹೇಳಲ್ಲ. ಇವಳಿಗೋಸ್ಕರ ಒಂದು ಸಲ ಕೆರೆ."

ಸುರುಳಿಯಜ್ಜ ಸುತ್ತ ನೋಡಿದ. ಆಗಷ್ಟೇ ಮರಿ ಕಳೆದುಕೊಂಡ ಹತ್ತು ತಾಯಂದಿರು ಅವನನ್ನೇ ನೋಡುತ್ತಿದ್ದರು. ಮೊಮ್ಮಗಳಿಗೆ ಮಾತ್ರ ನಾಳೆ ಎಂದರೆ ಅವರು ಬಿಡುತ್ತಾರೆಯೇ? ನಿಜ ಹೇಳಿದರೆ ಹನ್ನೊಂದೂ ಮರಿಗಳು ಉಳಿಯುತ್ತಿದ್ದವು. ಅದೂ ಅವನಿಗೆ ಗೊತ್ತಿತ್ತು. ಆದರೆ ನಿಜ ಹೇಳಿದ ಮೇಲೆ ತಾನು ಯಾರು? ಬರೀ ಒಬ್ಬ ಮುದುಕ.

"ಕೂರಲಿಲ್ಲ. ಕೋಡಿಯಾಚೆ" ಎಂದ.

ಉಬ್ಬಿ ಅಳಲಿಲ್ಲ. "ಅಜ್ಜಾ, ನೀನೂ ಬರ್ತೀಯಾ?" ಎಂದು ಕೇಳಿದಳು. ಅಜ್ಜ ಮುಖವನ್ನು ಚಿಪ್ಪಿನೊಳಗೆ ಎಳೆದುಕೊಂಡ.

ಅಂದಿನಿಂದ ನೀಲವ್ವ ಅಪ್ಪನೊಂದಿಗೆ ಮಾತು ಬಿಟ್ಟಳು. ಬೆಳಗಾದರೆ ಕೋಡಿಯ ಬೋಳು ಕಲ್ಲಿನ ಮೇಲೆ ಹೋಗಿ ಕೂತು ಆಚೆ ನೋಡುತ್ತಿದ್ದಳು. "ಅಲ್ಲಿ ಮರೆಯಿಲ್ಲ, ಒಳಗೆ ಬಾ" ಎಂದು ಯಾರು ಕರೆದರೂ ಬರಲಿಲ್ಲ. ತಿಂಗಳೊಳಗೆ ಆ ಎರಡು ಕೊಕ್ಕರೆಗಳು ಹೊಂಡಕ್ಕೆ ಇಳಿದವು. ಅವುಗಳ ಕಣ್ಣಿಗೆ ಮೊದಲು ಬಿದ್ದದ್ದು ನೀಲವ್ವನೇ. ಕಟಕ್ ಎಂಬ ಸದ್ದು ಹೊಂಡದ ಆ ದಡದವರೆಗೆ ಕೇಳಿಸಿತು.

ಊರಿಗೆ ಊರೇ ನಡುಗಿತು. "ಅಜ್ಜಾ, ಈಗೇನು ಮಾಡೋಣ?" ಎಂದು ಎಲ್ಲರೂ ಕೇಳಿದರು. ಕೆಸರಿನಲ್ಲಿ ಹೂತುಕೊಂಡು ಕೂತಿದ್ದರೆ ಅರ್ಧದಷ್ಟಾದರೂ ಬದುಕುತ್ತಿದ್ದರೋ ಏನೋ. ಮಗಳನ್ನು ಕಳೆದುಕೊಂಡ ಸುರುಳಿಯಜ್ಜನಿಗೆ ಬುದ್ಧಿಯೇ ಓಡಲಿಲ್ಲ. ನಾಲಿಗೆಗೆ ರೂಢಿಯಾದ ಮಾತೇ ಬಂತು.

"ಅಚ್ಚುಗಲ್ಲಿನ ಬಳಿಗೆ ಬನ್ನಿ. ಮಾಡಿದಾತ ತಾನು ಒತ್ತಿದ್ದನ್ನು ತಾನೇ ಕಾಯುತ್ತಾನೆ."

ಎಲ್ಲರೂ ಬಂದರು. ಬಯಲಲ್ಲಿ, ಬಿಸಿಲಲ್ಲಿ, ಒತ್ತೊತ್ತಾಗಿ ಕೂತು ಕಣ್ಣು ಮುಚ್ಚಿಕೊಂಡರು. ಕೊಕ್ಕರೆಗಳಿಗೆ ಹುಡುಕುವ ಕೆಲಸವೇ ಉಳಿಯಲಿಲ್ಲ. ನೂಕುನುಗ್ಗಲಲ್ಲಿ ಸುರುಳಿಯಜ್ಜ ಕಲ್ಲಿನಡಿಯ ಬಿರುಕಿಗೆ ಉರುಳಿಬಿದ್ದ. ಮೇಲೆ ಮೂರು ದಿನ ಚಿಪ್ಪು ಒಡೆಯುವ ಸದ್ದು ಕೇಳಿಸುತ್ತಿತ್ತು. ಒಂದೊಂದು ಸದ್ದಿನಲ್ಲೂ ಅವನಿಗೆ ಒಬ್ಬೊಬ್ಬರ ಗುರುತು ಹತ್ತುತ್ತಿತ್ತು. ನಾಲ್ಕನೆಯ ದಿನ ಸದ್ದು ನಿಂತಿತು.

ಹೊರಗೆ ಬಂದಾಗ ಅವನೊಂದಿಗೆ ಮಾತಾಡಲು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಒಂಟಿಯಾಗಿ ಎಷ್ಟು ದಿನ ಇದ್ದಾನು? ಒಂದು ದಿನ ತೆವಳುತ್ತ ಹೊರಟ. ಅರ್ಧ ಚಳಿಗಾಲ ಕಳೆಯುವ ಹೊತ್ತಿಗೆ ಕೋಡಿಯನ್ನೂ ಅದರಾಚೆಯ ಮುಳ್ಳನ್ನೂ ದಾಟಿದ. ಆಚೆಯ ಕೆಸರಿನಲ್ಲಿ ಉಬ್ಬುಬ್ಬು ಚಿಪ್ಪಿನವರು ತುಂಬಿದ್ದರು. ಎಷ್ಟೋ ಚಿಪ್ಪುಗಳ ಮೇಲೆ ಕೊಕ್ಕು ಜಾರಿದ ಗೀರುಗಳಿದ್ದವು. ಬಾಳವ್ವ ಒಂದು ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದಳು. ಅವನನ್ನು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ದೊಡ್ಡವಳಾಗಿದ್ದ ಉಬ್ಬಿ ಎದುರಿಗೆ ಬಂದಳು.

"ಬಾ ಅಜ್ಜಾ. ಅವ್ವ ಎಲ್ಲಿ? ದಿನಾ ಕೋಡಿ ಮೇಲೆ ಕೂತಿರ್ತಾಳೆ ಅಂತ ಬಾಳವ್ವ ಹೇಳಿದ್ದಳು. ಕೂಗ್ತಿದ್ದೆ, ಅವಳಿಗೆ ಕೇಳಿಸ್ತಿರಲಿಲ್ಲ."

ಸುರುಳಿಯಜ್ಜ ಎಲ್ಲವನ್ನೂ ಹೇಳಿದ. ಕೊಕ್ಕರೆಯ ಕತೆ ಹೇಳಿದ. ಕುಳಿಯ ಅಂಚನ್ನು ಅಪ್ಪ ಕೆರೆದದ್ದು, ತಾನು ಎರಡು ಸಲ ಕೆರೆದದ್ದು, ನೀಲವ್ವ ಬೇಡಿಕೊಂಡದ್ದು, ಏನನ್ನೂ ಮುಚ್ಚಿಡಲಿಲ್ಲ.

ಉಬ್ಬಿ ಒಮ್ಮೆ ತಿರುಗಿ ಕೋಡಿಯ ಕಡೆ ನೋಡಿದಳು. ಆಮೇಲೆ ಕೇಳಿದಳು:

"ಹಾಗಾದರೆ ಅವತ್ತು ನೀನು ಕೆರೆದಿದ್ದರೆ ನಾನೂ ಅದರಲ್ಲಿ ಕೂರ್ತಿದ್ದೆನಾ ಅಜ್ಜಾ?"

"ಕೂರ್ತಿದ್ದೆ ಮಗಳೇ" ಎಂದ ಸುರುಳಿಯಜ್ಜ. "ಒಂದು ಮಧ್ಯಾಹ್ನದ ಕೆಲಸ."

ನೀತಿ: ಕಂಡ ನಿಜವನ್ನು ಬಚ್ಚಿಟ್ಟು ಕಾಪಾಡಿದ ನಂಬಿಕೆ ಮೊದಲು ಮನೆಯವರನ್ನೇ ಬಲಿ ತೆಗೆದುಕೊಳ್ಳುತ್ತದೆ.