ಗ್ಯಾಸ್ ಸಾಹೇಬನ ಹೆಂಡತಿ

ಕೇಳ್ರೇ, ನಮ್ಮೂರ ಕಡಲ ದಂಡೆಗೆ ಗ್ಯಾಸ್ ಕಂಪನಿ ಸಾಹೇಬ ಬಂದ. ಗ್ಯಾಸನ್ನು ತಣ್ಣಗೆ ಮಾಡಿ, ನೀರಾಗಿಸಿ, ಹಡಗಲ್ಲಿ ಪರದೇಶಕ್ಕೆ ಕಳಿಸ್ತಾನಂತೆ. ಅವನ ಹೆಂಡತಿ ಒಣಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿದು ಕಾರಲ್ಲೇ ಕೂತಿದ್ದಳು.

“ಮೀನು ಒಣಗಿಸೋ ಜಾಗ ಬಿಡಿ, ಇಲ್ಲಿ ಟ್ಯಾಂಕ್ ಬರುತ್ತೆ. ನೀವು ಪಕ್ಕದಲ್ಲೇ ಇರಿ, ಏನೂ ಅಪಾಯ ಇಲ್ಲ,” ಅಂದ.

ಮೀನು ಮಾರೋ ಸೋಮಕ್ಕ ಕೈ ಮುಗಿದಳು. “ಆಯ್ತು ಒಡೆಯಾ. ನಮ್ಮಲ್ಲಿ ಹೊಸ ದೋಣಿ ಕಟ್ಟಿಸಿದವ ಮೊದಲು ತನ್ನ ಹೆಂಡತಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಬೇಕು. ಆಮೇಲೇ ಬೇರೆಯವರು ಹತ್ತೋದು. ನೀವೂ ಅಮ್ಮನವರ ಜೊತೆ ಟ್ಯಾಂಕಿನ ಪಕ್ಕ ಸಂಸಾರ ಹೂಡಿ. ಅವತ್ತೇ ಬುಟ್ಟಿ ಎತ್ತಿ ಜಾಗ ಬಿಡುತ್ತೇವೆ.”

“ಓಹೋ, ಖಂಡಿತ!” ಅಂದ ಸಾಹೇಬ.

ಕಾರಿನ ಗಾಜು ಸರ್ರನೆ ಇಳಿಯಿತು. “ರೀ! ಟ್ಯಾಂಕಿನ ಹತ್ತಿರ ಜೀವಕ್ಕೆ ಅಪಾಯ ಅಂತ ಗುಡ್ಡದಾಚೆ ಮನೆ ಹಿಡಿದವರು ನೀವೇ ಅಲ್ವಾ?”

ಮೀನು ಒಣಗೋಕಾದರೂ ಬಿಸಿಲು ಬೇಕು. ಸಾಹೇಬನ ಮುಖ ನಿಂತಲ್ಲೇ ಒಣಗಿತು.