ಕಣ್ಣಿಲ್ಲದ ಬಂಡೆ

ಜೀವಮಾನವಿಡೀ ದೇವರನ್ನು ಕೆತ್ತಿದ ಮೌನೇಶಾಚಾರಿ ಮುಪ್ಪಿನಲ್ಲಿ ಮುಖವೇ ಇಲ್ಲದ ಆಕಾರಗಳಿಗೆ ಕೈಹಾಕಿದ. ಅಂಥದ್ದೊಂದು ಆನೆಗಾತ್ರದ ಬಂಡೆಯನ್ನು ಊರಿನವರು ಸರ್ಕಲ್ಲಿನ ನಡುವೆ ನಿಲ್ಲಿಸಿದರು.

ಬಂಡೆಗೆ ಒಂದೇ ಚಡಪಡಿಕೆ. ಯಾವ ಮೂರ್ತಿಗಾದರೂ ಆಚಾರಿ ಕಟ್ಟಕಡೆಗೆ ಕಣ್ಣು ತೆರೆಸುತ್ತಾನೆ, ಅಲ್ಲಿಯವರೆಗೆ ಅದು ಬರೀ ಕಲ್ಲು ಎಂಬುದನ್ನು ಅದು ಅವನ ಅಂಗಳದಲ್ಲೇ ಅರಿತಿತ್ತು. ತನಗೆ ಮಾತ್ರ ಕಣ್ಣಿಡುವುದನ್ನು ಮುದುಕ ಮರೆತೇಬಿಟ್ಟ! ಹೋಗಿಬರುವವರು ಎದುರಿಗೆ ನಿಂತು, "ಇದೇನ್ರೀ ಇದು? ಹಕ್ಕಿಯೋ, ಅಲೆಯೋ?" ಎಂದಾಗಲೆಲ್ಲ ಅದಕ್ಕೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ತಡೆಯಲಾರದೆ ರಸ್ತೆಯಾಚೆಯ ಗುಡಿಯ ಗಣಪನನ್ನು ಕೂಗಿತು. ಅವನನ್ನು ಕೆತ್ತಿದವನೂ ಅದೇ ಆಚಾರಿ.

"ಅಣ್ಣಾ, ನಿನಗೆ ಕಣ್ಣು ಕೊಟ್ಟವನು ನನಗೇಕೆ ಕೊಡಲಿಲ್ಲ? ಅವನಿಗೆ ಹೇಳಿ ಕಳಿಸು."

"ಹೇಳಿ ಕಳಿಸುತ್ತೇನೆ," ಎಂದ ಗಣಪ. "ಆದರೆ ಒಂದು ಮಾತು ಕೇಳು. ನನ್ನ ಕಣ್ಣು ತೆರೆದ ದಿನದಿಂದ ಎದುರಿಗೆ ಬಂದವರೆಲ್ಲ ಕೈಮುಗಿದು ತಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ಈ ಸೊಂಡಿಲನ್ನು ಆಚಾರಿ ಎಷ್ಟು ಚೆಂದ ತಿರುಗಿಸಿದ್ದಾನೆಂದು ಒಬ್ಬರೂ ನೋಡಿಲ್ಲ."

ಅಷ್ಟರಲ್ಲಿ ಬಸ್ಸಿಳಿದ ಹೆಂಗಸೊಬ್ಬಳು ಗುಡಿಯ ಮುಂದೆ ಕಣ್ಣು ಮುಚ್ಚಿ ಕೈಮುಗಿದಳು. ಇತ್ತ ತಿರುಗಿದವಳೇ ಬಂಡೆಯೆದುರು ಕಣ್ಣರಳಿಸಿ ನಿಂತುಬಿಟ್ಟಳು.

"ಹೇಳಿ ಕಳಿಸಲೇ?" ಎಂದ ಗಣಪ.

"ಸ್ವಲ್ಪ ತಡಿ," ಎಂದಿತು ಬಂಡೆ. "ಅವಳಿನ್ನೂ ನೋಡುತ್ತಿದ್ದಾಳೆ."