ನಿಂತಾಗ ತಿರುಗುವ ಬೇರಿಂಗು

ಶಿವನಂಜ ಕೇಳಿದ: “ಬುದ್ಧೀ, ಮಠಕ್ಕೆ ಬಂದು ಆರು ತಿಂಗಳಾಯಿತು. ಯಾವ ಕೆಲಸವನ್ನೂ ಹಚ್ಚಿಕೊಂಡಿಲ್ಲ. ಯಾರ ಗೊಡವೆಗೂ ಹೋಗುತ್ತಿಲ್ಲ. ಆದರೂ ಸಂಜೆಯಾಗುವಷ್ಟರಲ್ಲಿ ಮೈ ಹಣ್ಣಾಗಿರುತ್ತದೆ. ಸುಮ್ಮನೆ ಕೂತವನಿಗೆ ಇಷ್ಟೊಂದು ದಣಿವು ಎಲ್ಲಿಂದ ಬರುತ್ತದೆ?”

ಗುರುಗಳು ಸನ್ಯಾಸಕ್ಕೆ ಮೊದಲು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಅವರು ಈ ಕತೆ ಹೇಳಿದರು.

ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನಿದ್ದ. ಹೆಸರು ಪದ್ಮರಾಜ. ಹೆಂಡತಿ ತೀರಿಕೊಂಡಿದ್ದಳು. ಮಗಳು ಸುಪ್ರಭಾ ನೈಟ್ರೋ ಕಾರಿನ ರೇಸಿಗೆ ಹೋಗುತ್ತಿದ್ದಳು. ಅದು ಒಳಗೆ ಕೂತು ಓಡಿಸುವ ಕಾರಲ್ಲ. ಒಂದು ಮೊಳ ಉದ್ದದ್ದು, ರಿಮೋಟ್ ಹಿಡಿದು ದೂರದಿಂದ ಓಡಿಸುವುದು. ನೋಡಲು ಆಟದ ಸಾಮಾನು. ಒಳಗೆ ಮಾತ್ರ ಇಂಧನ ಸುಟ್ಟು ಕಿರುಚುವ ನಿಜವಾದ ಎಂಜಿನ್. ಮಗಳು ಓಡಿಸುವಳು, ಅಪ್ಪ ಕಾರನ್ನು ಸಜ್ಜು ಮಾಡುವನು. ಮನೆಯಲ್ಲಿ ಅವರಿಬ್ಬರ ನಡುವೆ ಉಳಿದಿದ್ದ ಮಾತೆಲ್ಲ ಆ ಕಾರಿನದೇ.

ಪದ್ಮರಾಜ ಕೆಲಸದಲ್ಲಿ ಗಟ್ಟಿಗ. ಆದರೆ ಅವನಿಗೆ ಕಾಯಲು ಬರುತ್ತಿರಲಿಲ್ಲ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತಿದ್ದ. ಎಷ್ಟೋ ಸಲ ಅವನು ದಾರಿಯ ನಡುವೆ ಇರುವಾಗಲೇ ಬಸ್ಸು ಅವನನ್ನು ದಾಟಿ ಹೋಗುತ್ತಿತ್ತು.

ಆ ವರ್ಷದ ಮೊದಲ ರೇಸಿನಲ್ಲಿ ಸುಪ್ರಭಾ ಫೈನಲ್ ತಲುಪಿದಳು. ಫೈನಲ್ ಶುರುವಾಗಲು ಅರ್ಧ ಗಂಟೆ ಇರುವಾಗಲೇ ಪದ್ಮರಾಜ ಎಂಜಿನ್ ಚಾಲೂ ಮಾಡಿದ. ಎಲ್ಲಿ ತಣ್ಣಗಾಗುತ್ತದೋ, ಎಲ್ಲಿ ಆರಿಹೋಗುತ್ತದೋ ಎಂದು ಅವನಿಗೆ ಭಯ. ಬ್ರೇಕ್ ಹಿಡಿದು ಮತ್ತೆ ಮತ್ತೆ ಎಂಜಿನ್ನಿನ ವೇಗ ಏರಿಸುತ್ತ ಕೂತ. ಬಾವುಟ ಬಿತ್ತು. ಎಲ್ಲ ಕಾರುಗಳೂ ಹೊರಟವು. ಸುಪ್ರಭಾಳ ಕಾರು ಎರಡು ಮಾರು ಹೋಗಿ ನಿಂತಿತು. ಎಂಜಿನ್ ಕಿರುಚುತ್ತಿತ್ತು, ಚಕ್ರ ತಿರುಗುತ್ತಿರಲಿಲ್ಲ.

ಬಿಚ್ಚಿ ನೋಡಿದರೆ ಕ್ಲಚ್ಚಿನ ಬೇರಿಂಗು ಪುಡಿಯಾಗಿತ್ತು. ಕ್ಲಚ್ ಬೆಲ್ ಎಂಬ ಸಣ್ಣ ಬಟ್ಟಲಿನ ನಡುವೆ ಕೂರುವ ಬೇರಿಂಗು ಅದು. ಅಂಗಿಯ ಗುಂಡಿಯಷ್ಟೇ ಗಾತ್ರ. ಅದು ಒಡೆದದ್ದರಿಂದ ಬಟ್ಟಲು ಓಲಾಡಿ, ಪಕ್ಕದ ಗೇರಿನ ಹಲ್ಲುಗಳನ್ನೆಲ್ಲ ತಿಂದುಹಾಕಿತ್ತು.

ಎರಡನೆಯ ರೇಸಿಗೆ ಪದ್ಮರಾಜ ಅದಕ್ಕಿಂತ ಒಳ್ಳೆಯ ಬೇರಿಂಗು ತರಿಸಿದ. ಪ್ರತಿ ಓಟದ ನಂತರ ಅದನ್ನು ಬಿಚ್ಚಿದ, ಪೆಟ್ರೋಲಿನಲ್ಲಿ ತೊಳೆದು ಕ್ಲಚ್ಚಿನ ಕರಿ ತೆಗೆದ, ಒಣಗಿಸಿದ, ಒಂದು ತೊಟ್ಟು ಎಣ್ಣೆ ಬಿಟ್ಟ, ಕಿವಿಯ ಹತ್ತಿರ ಹಿಡಿದು ತಿರುಗಿಸಿ ಕೇಳಿದ. ಮಾಡಬೇಕಾದ್ದನ್ನೆಲ್ಲ ಮಾಡಿದ. ಫೈನಲ್ಲಿಗೆ ಮುಂಚೆ ಮತ್ತೆ ಹಾಗೆಯೇ ಬ್ರೇಕ್ ಹಿಡಿದು ಎಂಜಿನ್ ಕಿರುಚಿಸುತ್ತ ಕೂತ. ಫೈನಲ್ಲಿನಲ್ಲಿ ಅದೂ ಒಡೆಯಿತು.

ಸುಪ್ರಭಾ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಹೇಳಿದಳು: “ಅಪ್ಪಾ, ಮುಂದಿನ ರೇಸಿಗೆ ಬೇರೆಯವರನ್ನು ಕರೆದುಕೊಂಡು ಹೋಗುತ್ತೇನೆ. ನೀನು ಬರುವುದು ಬೇಡ.”

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಪದ್ಮರಾಜನಿಗೆ ಊಟ ಸೇರಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ. ಮೂರನೆಯ ದಿನ ಆ ಕ್ಲಚ್ಚನ್ನು ಕಾಗದದಲ್ಲಿ ಸುತ್ತಿಕೊಂಡು ಲೇತ್ ಕೆಲಸದ ಹನೀಫ್ ಸಾಹೇಬರ ಬಳಿಗೆ ಹೋದ. ನಡೆದದ್ದನ್ನೆಲ್ಲ ಹೇಳಿ, ಎಂದೂ ಒಡೆಯದ ಬೇರಿಂಗು ಮಾಡಿಕೊಡಿ ಎಂದ.

ಸಾಹೇಬರು ತಮ್ಮ ಬಳಿಯಿದ್ದ ಹೊಸ ಬೇರಿಂಗೊಂದನ್ನು ಅದರಲ್ಲಿ ಕೂರಿಸಿದರು. ಬಟ್ಟಲನ್ನು ಒಂದು ಕೈಯಲ್ಲಿ ಹಿಡಿದು, ನಡುವಿನ ದಂಡವನ್ನು ಇನ್ನೊಂದು ಕೈಯಿಂದ ತಿರುಗಿಸಿದರು. “ನೋಡಿ, ಬಟ್ಟಲು ನಿಂತಿದೆ, ದಂಡ ತಿರುಗುತ್ತಿದೆ. ಈಗ ಬೇರಿಂಗು ಉರುಳುತ್ತಿದೆ.” ಆಮೇಲೆ ಎರಡನ್ನೂ ಒಟ್ಟಿಗೆ ಹಿಡಿದು ತಿರುಗಿಸಿದರು. “ಕಾರು ಓಡುವಾಗ ಹೀಗೆ. ಬಟ್ಟಲೂ ದಂಡವೂ ಜೊತೆಯಲ್ಲಿ ತಿರುಗುತ್ತವೆ. ಬೇರಿಂಗಿಗೆ ಏನೂ ಕೆಲಸವಿಲ್ಲ. ಓಡುವಾಗ ಇದು ಸವೆಯುವುದಿಲ್ಲ, ಪದ್ಮರಾಜರೇ. ನೀವು ಕಾರನ್ನು ನಿಲ್ಲಿಸಿಕೊಂಡು ಎಂಜಿನ್ನನ್ನು ಕಿರುಚಿಸುತ್ತೀರಲ್ಲ, ಆಗ ಸವೆಯುತ್ತದೆ. ಬ್ರೇಕ್ ಹಿಡಿದಿರುವಾಗ ನಿಂತ ಬಟ್ಟಲಿಗೆ ಕ್ಲಚ್ ಉಜ್ಜಿ ಅದು ಕಾಯುತ್ತದೆ, ನೀವು ಬಿಟ್ಟ ಎಣ್ಣೆ ಸುಟ್ಟುಹೋಗುತ್ತದೆ.”

“ಹಾಗಾದರೆ ಏನು ಮಾಡಲಿ?”

“ಒಂದು ಸಲ ಬಿಸಿ ಮಾಡಿ ಆರಿಸಿಬಿಡಿ. ಕರೆದಾಗ ಚಾಲೂ ಮಾಡಿ.”

“ಆಗ ಚಾಲೂ ಆಗದಿದ್ದರೆ?”

ಸಾಹೇಬರು ಕ್ಲಚ್ಚನ್ನು ಅದೇ ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟು ತಮ್ಮ ಕೆಲಸಕ್ಕೆ ತಿರುಗಿದರು.

ಪದ್ಮರಾಜ ಮಗಳನ್ನು ಬೇಡಿಕೊಂಡ. ಇದೊಂದು ಸಲ ಎಂದ. ಅವಳು ಬೇಡವೆನ್ನಲೂ ಇಲ್ಲ, ಬಾ ಎನ್ನಲೂ ಇಲ್ಲ. ಅವನು ಹೋದ.

ಮೂರನೆಯ ಫೈನಲ್. ಪದ್ಮರಾಜ ಎಂಜಿನ್ ಬಿಸಿ ಮಾಡಿ ಆರಿಸಿದ. ಅಷ್ಟರಲ್ಲಿ ಸುತ್ತು ಎಣಿಸುವ ಕಂಪ್ಯೂಟರ್ ಕೆಟ್ಟಿತು. ಇನ್ನೇನು ಶುರು, ಇನ್ನೇನು ಶುರು ಎಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು. ನಲವತ್ತು ನಿಮಿಷ ಕಳೆಯಿತು. ಸುತ್ತಲಿನ ಕಾರುಗಳೆಲ್ಲ ಕಿರುಚುತ್ತಿದ್ದವು. ಅವನ ಕಾರೊಂದೇ ಸದ್ದಿಲ್ಲದೆ ನಿಂತಿತ್ತು. ಅವನು ಎರಡು ಸಲ ಕಾರನ್ನು ಎತ್ತಿಕೊಂಡ, ಎರಡು ಸಲ ಕೆಳಗಿಟ್ಟ. ಕೊನೆಗೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. ಓಡಿಸುವವರು ನಿಲ್ಲುವ ಅಟ್ಟಣೆಯ ಮೇಲಿಂದ ಸುಪ್ರಭಾ ಕೂಗಿದಳು: “ಅಪ್ಪಾ, ಚಾಲೂ ಮಾಡು!” ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಮುಖ ಕಪ್ಪಿಟ್ಟಿತು.

ಕರೆ ಬಂತು. ಪದ್ಮರಾಜ ಕಾರನ್ನು ಎಂಜಿನ್ ಹತ್ತಿಸುವ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಒತ್ತಿದ. ಎಂಜಿನ್ ಕೆಮ್ಮಿ ಆರಿತು. ಮತ್ತೊಮ್ಮೆ ಒತ್ತಿದ. ಹತ್ತಿಕೊಂಡಿತು. ಗೆರೆಯ ಮೇಲಿಟ್ಟು ಕೈ ತೆಗೆಯುವುದಕ್ಕೂ ಬಾವುಟ ಬೀಳುವುದಕ್ಕೂ ಸರಿಹೋಯಿತು.

ಅರ್ಧ ಗಂಟೆ ಕಾರು ಓಡಿತು. ಇಂಧನ ತುಂಬಲು ಬಂದಾಗಲೆಲ್ಲ ಪದ್ಮರಾಜ ತುಂಬಿ ಬಿಟ್ಟ. ಗೆದ್ದದ್ದು ಬೇರೆಯವರು, ಸುಪ್ರಭಾ ನಾಲ್ಕನೆಯವಳಾದಳು. ಅವಳು ಅಟ್ಟಣೆಯಿಂದ ಇಳಿದು ಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಅವನು ಕ್ಲಚ್ ಬಿಚ್ಚಿ ಬೇರಿಂಗನ್ನು ಅವಳ ಬೆರಳಿಗೆ ಸಿಕ್ಕಿಸಿದ. ಅವಳು ಅದನ್ನು ತಿರುಗಿಸಿದಳು. ನುಣ್ಣಗೆ ತಿರುಗಿತು. ತಿಂಗಳೊಂದರ ಮೇಲೆ ಮೊದಲ ಸಲ ಅವಳು ಕೇಳಿದಳು: “ಅಪ್ಪಾ, ಏನಾದರೂ ತಿಂದೆಯಾ?”

ಗುರುಗಳು ಕತೆ ನಿಲ್ಲಿಸಿದರು.

ಶಿವನಂಜನ ಮುಖ ಅರಳಿತು. “ತಿಳಿಯಿತು ಬುದ್ಧೀ. ನಾನೂ ಒಳಗಿನ ಎಂಜಿನ್ ಆರಿಸಿ ಕೂರುವುದನ್ನು ಕಲಿಯಬೇಕು.”

ಗುರುಗಳು ಅವನನ್ನೇ ನೋಡುತ್ತ ಹೇಳಿದರು: “ಕಾರು ಓಡುವಾಗಲೂ ಬೇರಿಂಗು ಸುಮ್ಮನೆಯೇ ಇತ್ತಲ್ಲ ಶಿವನಂಜ, ನೀನು ಎಲ್ಲಿಗೆ ಹೊರಡಲು ಹೆದರಿ ಇಲ್ಲಿ ಬ್ರೇಕ್ ಹಿಡಿದು ಕೂತಿದ್ದೀಯ?”